ಮಗಳಿಗೊಂದು ಪತ್ರ: ಜೇಬಿನಲ್ಲಿ ಸಿಕ್ಕ ಮಾವಿನ ವಾಸನೆ

ಪುಟ್ಟಿ,

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬೈದರೆ ನೀನು ನನ್ನ ತಪ್ಪು ತಿದ್ದುತ್ತೀಯ, ವಿಷಯ ಅಲ್ಲೇ ಹಾರಿಹೋಗುತ್ತದೆ. ನಾಲ್ಕನೇ ಕ್ಲಾಸಿನವರೆಗೆ ಮೈಸೂರಲ್ಲಿ ಓದಿದವಳು ನೀನು. ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದು.

ಒಗೆಯಲು ಹಾಕಿದ ನಿನ್ನ ಜಾಕೆಟ್ ಜೇಬಲ್ಲಿ ಅದು ಸಿಕ್ಕಿತು. ಪೆನ್‌ಡ್ರೈವ್ ಅಂದುಕೊಂಡೆ. ಮೂಗಿಗೆ ಹಿಡಿದರೆ ಮಾವಿನ ಹಣ್ಣಿನ ವಾಸನೆ. ವೇಪ್ ಅದು, ನಿಕೋಟಿನ್ ಆವಿ ಸೇದುವ ಇ-ಸಿಗರೇಟು. ಹಣ್ಣಿನ ರುಚಿಯ ವೇಪ್‌ಗಳನ್ನು ಅಂಗಡಿಯಲ್ಲಿ ಮಾರಬಾರದು ಅಂತ ಕ್ಯಾಲಿಫೋರ್ನಿಯಾದ ಜನ 2022ರಲ್ಲೇ ವೋಟು ಹಾಕಿದ್ದಾರೆ. 21 ತುಂಬದವರಿಗಂತೂ ಯಾವುದನ್ನೂ ಕೊಡುವಂತಿಲ್ಲ. ಆದರೂ 15ರ ನಿನ್ನ ಜೇಬಿಗೆ ಬಂತು. ಹೇಗೆ ಅಂತ ಆಮೇಲೆ ಕೇಳುತ್ತೇನೆ.

ಮೊದಲ ದಿನ, ಈ ದೇಶಕ್ಕೆ ಬಂದದ್ದೇ ತಪ್ಪು ಅಂತ ಅಪ್ಪನ ಮೇಲೆ ಕೂಗಾಡಿದೆ. ಆಮೇಲೆ ನಿನ್ನ ತಾತ ನೆನಪಾದರು. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಇಲ್ಲದೆ ಅವರ ಊಟ ಮುಗಿಯುತ್ತಿರಲಿಲ್ಲ. ನಿಕೋಟಿನ್ ಅದರಲ್ಲೂ ಇತ್ತು. ಸಂಸ್ಕೃತಿ ಕೆಟ್ಟಿತು ಅಂತ ಯಾರೂ ಅನ್ನಲಿಲ್ಲ, ಅಲ್ವಾ?

ನಿದ್ದೆ ಬಾರದೆ ಒಂದಿಷ್ಟು ಓದಿದೆ. ಬೇರೆ ದೇಶದಿಂದ ಬಂದ ಮಕ್ಕಳು ಇಲ್ಲೇ ಹುಟ್ಟಿದವರಿಗಿಂತ ಸಾಮಾನ್ಯವಾಗಿ ಕಡಿಮೆ ಕುಡಿಯುತ್ತಾರೆ, ಕಡಿಮೆ ಸೇದುತ್ತಾರೆ. ವರ್ಷ ಕಳೆದ ಹಾಗೆ ಆ ವ್ಯತ್ಯಾಸ ಕರಗುತ್ತದಂತೆ. ಅದಕ್ಕಿಂತ ಜಾಸ್ತಿ ಚುಚ್ಚಿದ್ದು, 1970ರ ದಶಕದಲ್ಲಿ ಮಯಾಮಿಯಲ್ಲಿ, ಕ್ಯೂಬಾದಿಂದ ಬಂದ ಕುಟುಂಬಗಳ ಜೊತೆ ಕೆಲಸ ಮಾಡಿದ ಸಂಶೋಧಕರು ಕಂಡದ್ದು. ಮಕ್ಕಳು ಬೇಗ ಅಮೆರಿಕದವರಾದರು, ಅಪ್ಪ ಅಮ್ಮ ನಿಂತಲ್ಲೇ ನಿಂತರು. ಅವರು ಬಿಡಿಸಿಕೊಂಡಷ್ಟೂ ಇವರು ಬಿಗಿಯಾಗಿ ಹಿಡಿದರು. ಎಷ್ಟೋ ಮನೆಗಳಲ್ಲಿ ಡ್ರಗ್ಸ್ ಒಳಗೆ ನುಸುಳಿದ್ದು ಆ ಜಗಳದ ಸಂದಿಯಲ್ಲಿ.

ನಮ್ಮ ಮನೆಯನ್ನೇ ನೋಡು. ಬಂದ ಆರು ತಿಂಗಳಿಗೆ ಬ್ಯಾಂಕಿನ ಫೋನು ನಿನ್ನ ಕೈಗೆ ಕೊಟ್ಟೆ. ನನ್ನ ಹೊಟ್ಟೆನೋವನ್ನು ಡಾಕ್ಟರಿಗೆ ಹೇಳಿದ್ದೂ ನೀನೇ, ಹತ್ತು ವರ್ಷದ ಹುಡುಗಿ. ಅದೇ ವಾರ ಗೆಳತಿಯ ಮನೆಯಲ್ಲಿ ಮಲಗಿ ಬರುತ್ತೇನೆ ಅಂದಾಗ, "ಚಿಕ್ಕವಳು, ನಿನಗೇನು ಗೊತ್ತಾಗುತ್ತೆ" ಅಂದೆ. ನನ್ನ ಕೆಲಸಕ್ಕೆ ದೊಡ್ಡವಳು, ನಿನ್ನ ಆಸೆಗೆ ಚಿಕ್ಕವಳು.

ಹಾಗಂತ ವೇಪ್ ಸೇದಿದ್ದು ಸರಿ ಅನ್ನುತ್ತಿಲ್ಲ. ಬಿಡಲೇಬೇಕು. ಮೊದಮೊದಲು ಸಿಡುಕು ಬರುತ್ತದೆ, ನಿದ್ದೆ ಕೆಡುತ್ತದೆ. ನನ್ನ ಮೇಲೆ ಸಿಡುಕು, ಪರವಾಗಿಲ್ಲ.

ಗುರುವಾರ ಡಾಕ್ಟರ ಹತ್ತಿರ ಹೋಗೋಣ. ಒಳಗೆ ನೀನೊಬ್ಬಳೇ ಮಾತಾಡು, ನಾನು ಹೊರಗೆ ಕೂತಿರುತ್ತೇನೆ. ಅಪಾಯಿಂಟ್‌ಮೆಂಟಿಗೆ ಫೋನು ನಾನೇ ಮಾಡಿದೆ. ಫೋನೆತ್ತಿದವಳು ನನ್ನಿಂದ ಮೂರು ಸಲ ಹೇಳಿಸಿದಳು. ಮೂರು ಸಲವೂ ಹೇಳಿದೆ.

ನಿನ್ನ ಅಮ್ಮ