ವಿದೇಶಿ ಕಾರ್ಡಿಗೆ ಬಾಗಿಲು ಮುಚ್ಚುವ ಆನ್‌ಲೈನ್ ಅಂಗಡಿಗಳು

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮಂಜೇಶ್ವರ, ಬದಿಯಡ್ಕ ಕಡೆಯ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ಅಳಿಯನೋ ದುಬೈ, ದೋಹಾ, ಕುವೈತ್‌ಗಳಲ್ಲಿ ದುಡಿಯುವುದು, ವಯಸ್ಸಾದವರು ಊರಿನಲ್ಲಿ ಉಳಿಯುವುದು ಸಾಮಾನ್ಯ ಸಂಗತಿ. ಮನೆಗೆ ಬೇಕಾದ ಮಿಕ್ಸಿ, ಇನ್ವರ್ಟರ್ ಬ್ಯಾಟರಿ, ಬಿ.ಪಿ. ನೋಡುವ ಯಂತ್ರ ಮುಂತಾದವನ್ನು ಮಕ್ಕಳು ಅಲ್ಲಿಂದಲೇ ಆನ್‌ಲೈನಿನಲ್ಲಿ ಕಳುಹಿಸಿಕೊಡುವುದೂ ಈಗ ರೂಢಿಯಾಗಿದೆ. ಆದರೆ ಅವರ ಕೈಯಲ್ಲಿರುವುದು ಅಲ್ಲಿನ ಬ್ಯಾಂಕ್ ಕೊಟ್ಟ ಕ್ರೆಡಿಟ್ ಕಾರ್ಡ್. ನಮ್ಮ ದೇಶದ ಅನೇಕ ಆನ್‌ಲೈನ್ ಅಂಗಡಿಗಳು ಅದನ್ನು ಸ್ವೀಕರಿಸುವುದಿಲ್ಲ, ಸ್ವೀಕರಿಸುವುದಿಲ್ಲವೆಂದು ಮೊದಲೇ ತಿಳಿಸುವುದೂ ಇಲ್ಲ. ನನ್ನ ಮುಖ್ಯ ಆಕ್ಷೇಪ ಇರುವುದು ಈ ಎರಡನೆಯ ವಿಷಯದಲ್ಲಿ.

ಕಳೆದ ಮಳೆಗಾಲದಲ್ಲಿ ನನ್ನ ತಾಯಿ ಬಿದ್ದು ಹಾಸಿಗೆ ಹಿಡಿದಾಗ, ಬೆನ್ನಿನಲ್ಲಿ ಹುಣ್ಣಾಗದಂತೆ ಏರ್ ಬೆಡ್ ಹಾಸಬೇಕೆಂದು ವೈದ್ಯರು ಸೂಚಿಸಿದರು. ಕುವೈತಿನಲ್ಲಿರುವ ಮಗ ವೈದ್ಯಕೀಯ ಸಾಮಗ್ರಿ ಮಾರುವ ಆನ್‌ಲೈನ್ ಅಂಗಡಿಯೊಂದರಲ್ಲಿ ಅದನ್ನು ಆರಿಸಿ, ವಿಳಾಸ ತುಂಬಿಸಿ, ಕಾರ್ಡಿನ ವಿವರ ಕೊಟ್ಟು, ತನ್ನ ಬ್ಯಾಂಕಿನಿಂದ ಬಂದ ಒಟಿಪಿಯನ್ನೂ ನಮೂದಿಸಿದ ಬಳಿಕ ಪರದೆಯ ಮೇಲೆ ಪಾವತಿ ವಿಫಲವಾಯಿತು ಎಂದಷ್ಟೇ ಕಾಣಿಸಿತು. ಕಾರಣ ಬರೆದಿರಲಿಲ್ಲ. ಅಷ್ಟು ಮೊತ್ತ ಮಾತ್ರ ಅವನ ಕಾರ್ಡಿನ ಮಿತಿಯಲ್ಲಿ ತಡೆಹಿಡಿದ ಸ್ಥಿತಿಯಲ್ಲಿ ಉಳಿದು, ಬಿಡುಗಡೆಯಾಗಲು ಹಲವು ದಿನ ಹಿಡಿಯಿತು. ನೆರೆಮನೆಯ ಹುಡುಗ ಮಂಗಳೂರಿಗೆ ಹೋಗಿ ತಂದುಕೊಟ್ಟದ್ದರಿಂದ ನಮ್ಮ ಕೆಲಸ ನಡೆಯಿತು. ಹಾಗೆ ಓಡಿಹೋಗಿ ತರುವವರಿಲ್ಲದ ಮನೆಗಳು ನಮ್ಮ ಪಂಚಾಯತಿನಲ್ಲೇ ಎಷ್ಟೋ ಇವೆ, ಮತ್ತು ಆನ್‌ಲೈನ್ ಅಂಗಡಿಯ ಅಗತ್ಯ ಹೆಚ್ಚಾಗಿ ಇರುವುದು ಅಂಥ ಮನೆಗಳಿಗೇ.

ಪಾವತಿಯ ಹಂತಕ್ಕೆ ತಲುಪುವ ಮೊದಲೇ ಎದುರಾಗುವ ತೊಡಕುಗಳೂ ಕಡಿಮೆಯಲ್ಲ. ಎಷ್ಟೋ ತಾಣಗಳಲ್ಲಿ ಫೋನ್ ನಂಬರಿನ ಜಾಗದಲ್ಲಿ +91 ಎಂಬುದು ಅಳಿಸಲಾಗದಂತೆ ಕುಳಿತಿರುತ್ತದೆ, ಅದರ ಮುಂದೆ ಹತ್ತು ಅಂಕಿ ಇರಲೇಬೇಕು. ಕುವೈತ್, ಕತಾರ್, ಒಮಾನ್, ಬಹರೈನ್‌ಗಳ ಮೊಬೈಲ್ ಸಂಖ್ಯೆಗೆ ಎಂಟೇ ಅಂಕಿ. ಯುಎಇ ಮತ್ತು ಸೌದಿಯಲ್ಲಿ ದೇಶದ ಕೋಡ್ ಬಿಟ್ಟರೆ ಒಂಬತ್ತು. ಕಾರ್ಡಿನ ಬಿಲ್ಲಿಂಗ್ ವಿಳಾಸಕ್ಕೂ ಆರಂಕಿಯ ಪಿನ್ ಕೋಡ್ ಕೇಳುತ್ತಾರೆ; ಯುಎಇಯಲ್ಲಾದರೋ ಅಂಚೆ ನಡೆಯುವುದು ಪೋಸ್ಟ್ ಬಾಕ್ಸ್ ಸಂಖ್ಯೆಯ ಮೇಲೆ, ಪಿನ್ ಕೋಡ್ ಎಂಬುದು ಅಲ್ಲಿ ಬಳಕೆಯಲ್ಲಿಲ್ಲ. ಬೇರೆ ದಾರಿ ಕಾಣದೆ ಕಾಸರಗೋಡಿನ 671121 ಎಂದು ತುಂಬಿಸಿದರೆ, ಬ್ಯಾಂಕಿನ ದಾಖಲೆಯಲ್ಲಿರುವ ವಿಳಾಸಕ್ಕೂ ಇದಕ್ಕೂ ಹೊಂದದೆ ವ್ಯವಹಾರ ಸಂಶಯಾಸ್ಪದವಾಗಿ ತೋರುತ್ತದೆ. ಕೊನೆಗೆ ಮಗ ತನ್ನ ಬಳಿಯೇ ಇಟ್ಟುಕೊಂಡಿರುವ ಊರಿನ ಸಿಮ್ಮಿನ ನಂಬರು ಕೊಟ್ಟು ಹೇಗೋ ಆರ್ಡರ್ ಮಾಡಿದರೂ, ಸಾಮಾನು ತಂದವರು ನಮ್ಮ ಅಂಗಳದಲ್ಲಿ ನಿಂತು ಒಟಿಪಿ ಕೇಳುವ ಹೊತ್ತಿಗೆ ಅದು ಕುವೈತಿನಲ್ಲಿ ಪಾಳಿಯ ಕೆಲಸದಲ್ಲಿರುವವನ ಫೋನಿಗೆ ಹೋಗಿರುತ್ತದೆ. ಹಣ ಕೊಡುವವರು ಬೇರೆ, ಸಾಮಾನು ಪಡೆಯುವವರು ಬೇರೆ ಇರಬಹುದು ಎಂಬುದನ್ನು ಈ ತಾಣಗಳನ್ನು ರೂಪಿಸಿದವರು ಯೋಚಿಸಿದಂತಿಲ್ಲ.

ವಿದೇಶಿ ಕಾರ್ಡನ್ನು ಸ್ವೀಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಒಟಿಪಿಯಂಥ ಎರಡನೆಯ ದೃಢೀಕರಣ ಕಡ್ಡಾಯವಾದದ್ದು ನಿಜ. ಆ ನಿಯಮ ಅನ್ವಯಿಸುವುದು ಭಾರತದಲ್ಲಿ ನೀಡಿದ ಕಾರ್ಡುಗಳಿಗೆ. ಅಂಗಡಿಯವರು ಹಿಂಜರಿಯುವುದಕ್ಕೆ ನಿಜವಾದ ಕಾರಣ, ಕೈಸೇರಿದ ಹಣವನ್ನು ಬ್ಯಾಂಕ್ ಹಿಂಪಡೆದೀತೆಂಬ ಭಯ. ಕಾರ್ಡಿನ ಯಜಮಾನ ಈ ವ್ಯವಹಾರ ತಾನು ಮಾಡಿದ್ದಲ್ಲವೆಂದು ತನ್ನ ಬ್ಯಾಂಕಿಗೆ ದೂರು ಕೊಟ್ಟರೆ, ದೃಢೀಕರಣವಿಲ್ಲದೆ ನಡೆದ ಪಾವತಿಯ ನಷ್ಟ ಸಾಮಾನ್ಯವಾಗಿ ಅಂಗಡಿಯ ತಲೆಗೆ ಬೀಳುತ್ತದೆ, ಸಾಮಾನು ಅಷ್ಟರಲ್ಲಿ ಕೈಬಿಟ್ಟಿರುತ್ತದೆ. ವಿದೇಶಿ ಕಾರ್ಡಿಗೆ ಪಾವತಿ ಗೇಟ್‌ವೇಗಳು, ಅಂದರೆ ಅಂಗಡಿಯ ಪರವಾಗಿ ಕಾರ್ಡಿನ ಹಣ ಪಡೆದುಕೊಡುವ ಸಂಸ್ಥೆಗಳು, ವಿಧಿಸುವ ಶುಲ್ಕವೂ ಹೆಚ್ಚು. ಸಣ್ಣ ವ್ಯಾಪಾರಿಗೆ ಇದು ಸಣ್ಣ ವಿಷಯವಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗಲ್ಫಿನ ಬ್ಯಾಂಕ್ ತಾನೇ ಒಟಿಪಿಯಿಂದಲೋ ಆ್ಯಪಿನಿಂದಲೋ ಗ್ರಾಹಕನನ್ನು ದೃಢಪಡಿಸಿಕೊಂಡಾಗ, ವಂಚನೆಯ ಹೊಣೆ ಬಹುತೇಕ ಆ ಬ್ಯಾಂಕಿನ ಮೇಲೆಯೇ ಹೋಗುತ್ತದೆ. ಅಂಥ ಪಾವತಿಯನ್ನೂ ವಿದೇಶದ್ದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ಅತಿಯಾದ ಎಚ್ಚರಿಕೆ. ದೇಶಕ್ಕೆ ವಿದೇಶಿ ವಿನಿಮಯ ತರುವ ವ್ಯವಹಾರವನ್ನು ಹೀಗೆ ಬಾಗಿಲಿನಿಂದಲೇ ಹಿಂದಿರುಗಿಸುವುದು ವ್ಯಾಪಾರದ ದೃಷ್ಟಿಯಿಂದಲೂ ಜಾಣತನವಲ್ಲ.

ಅನಿವಾಸಿ ಭಾರತೀಯರು ವಿದೇಶದ ದುಡಿಮೆಯನ್ನು ಊರಿನ ಬ್ಯಾಂಕಿನಲ್ಲಿಡುವ ಎನ್‌ಆರ್‌ಇ ಖಾತೆ ಇದೆಯಲ್ಲ, ಅದರ ಡೆಬಿಟ್ ಕಾರ್ಡ್ ಬಳಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬಳಸಬಹುದು, ಆದರೆ ಒಟಿಪಿ ಊರಿನ ನಂಬರಿಗೆ ಬರುವಂತಿದ್ದರೆ ಆ ಸಿಮ್ ಜೀವಂತವಾಗಿರಬೇಕು. ಪ್ರೀಪೇಡ್ ಸಿಮ್ 90 ದಿನ ಬಳಕೆಯಿಲ್ಲದೆ, ಕನಿಷ್ಠ 20 ರೂಪಾಯಿ ಶಿಲ್ಕೂ ಇಲ್ಲದೆ ಇದ್ದರೆ ಸೇವೆ ನಿಂತುಹೋಗುವ ಸಾಧ್ಯತೆಯಿದೆ. ಎನ್‌ಆರ್‌ಇ ಖಾತೆಗೂ, ಅನಿವಾಸಿಗಳು ಊರಿನ ಆದಾಯವನ್ನು ಇಡುವ ಎನ್‌ಆರ್‌ಒ ಖಾತೆಗೂ ವಿದೇಶಿ ನಂಬರಿನಿಂದಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಹತ್ತು ದೇಶಗಳಿಗೆ ಅವಕಾಶ ಸಿಕ್ಕಿತು. ಯುಎಇ, ಸೌದಿ, ಕತಾರ್, ಒಮಾನ್ ಅದರಲ್ಲಿದ್ದವು. ಕುವೈತ್ ಮತ್ತು ಬಹರೈನ್ ಆ ಪಟ್ಟಿಯಲ್ಲಿರಲಿಲ್ಲ. ಈ ಸೌಲಭ್ಯದ ವಿಷಯ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲ.

ವಿದೇಶಿ ಕಾರ್ಡ್ ನಡೆಯುವ ತಾಣಗಳಲ್ಲಿ ಗಮನಿಸಬೇಕಾದ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ. ಕೊನೆಯ ಹಂತದಲ್ಲಿ ಹಣವನ್ನು ರೂಪಾಯಿಯಲ್ಲಿ ಕೊಡುತ್ತೀರೋ ದಿರ್ಹಮಿನಲ್ಲೋ ಎಂದು ಕೇಳಿದರೆ ರೂಪಾಯಿಯನ್ನೇ ಆರಿಸುವುದು ಸಾಮಾನ್ಯವಾಗಿ ಲಾಭ, ಏಕೆಂದರೆ ದಿರ್ಹಮ್ ಎಂದರೆ ಪರಿವರ್ತನೆಯ ದರವನ್ನು ಅಂಗಡಿಯ ಕಡೆಯವರೇ ನಿಗದಿ ಮಾಡುತ್ತಾರೆ. ಸಾಮಾನು ಹಿಂದಿರುಗಿಸಿದಾಗ ಹಣ ಮರಳುವುದು ಆ ದಿನದ ದರದಲ್ಲಿ. ಮೊದಲು ಕಡಿತವಾದಷ್ಟೇ ಮೊತ್ತ ಬರುತ್ತದೆಂಬ ಭರವಸೆಯಿಲ್ಲ.

ಕಾನೂನು ಈ ವಿಷಯದಲ್ಲಿ ಗ್ರಾಹಕರ ಕೈಬಿಟ್ಟಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಅಂಗಡಿಗೂ ದೂರು ಪರಿಹಾರಾಧಿಕಾರಿ ಇರಬೇಕು, ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಹಣ ಕೊಟ್ಟವರ ಒಪ್ಪಿಗೆಯಿಂದ ಸಾಮಾನನ್ನು ಬಳಸುವವರೂ ಗ್ರಾಹಕರೇ, ಮತ್ತು ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಅಂದರೆ ಮಗ ಕುವೈತಿನಿಂದ ಹಣ ಕೊಟ್ಟು ತರಿಸಿದ ಸಾಮಾನು ಕೆಟ್ಟಿದ್ದರೆ, ಊರಿನಲ್ಲಿರುವ ತಂದೆಯೇ ಕಾಸರಗೋಡಿನಲ್ಲಿ ದೂರು ಕೊಡಲು ಅವಕಾಶವಿದೆ. ದೂರು ಕೊಡುವ ಮೊದಲು 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಸಲಹೆಯನ್ನೂ ಪಡೆಯಬಹುದು.

ಆನ್‌ಲೈನ್ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟು: ವಿದೇಶಿ ಕಾರ್ಡ್ ನಡೆಯುತ್ತದೋ ಇಲ್ಲವೋ ಎಂಬುದನ್ನು ಸಾಮಾನಿನ ಪುಟದಲ್ಲೇ ತಿಳಿಸಲಿ, ಪಾವತಿ ವಿಫಲವಾದರೆ ಕಾರಣ ಹೇಳಲಿ, ಹಣ ಕೊಡುವವರ ಮತ್ತು ಪಡೆಯುವವರ ಫೋನ್ ನಂಬರುಗಳಿಗೆ ಬೇರೆ ಬೇರೆ ಜಾಗವಿಟ್ಟು ಒಟಿಪಿಯನ್ನು ಪಡೆಯುವವರಿಗೆ ಕಳುಹಿಸಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಬ್ಯಾಂಕ್ ಶಾಖೆಗಳು ವಿದೇಶಿ ನಂಬರಿನ ಯುಪಿಐ ಬಗ್ಗೆ ಮಲಯಾಳದೊಂದಿಗೆ ಕನ್ನಡದಲ್ಲೂ ಒಂದು ಪುಟದ ಮಾಹಿತಿಯನ್ನು ಅಚ್ಚು ಹಾಕಿಸಿ ಕೌಂಟರಿನಲ್ಲಿ ಇಡಬೇಕು. ಎನ್‌ಆರ್‌ಇ ಖಾತೆಯ ಪಾಸ್‌ಬುಕ್ ಹಿಡಿದು ಅಲ್ಲಿಗೆ ಬರುವ ಹಿರಿಯರಲ್ಲಿ ಅನೇಕರು ಓದುವುದು ಕನ್ನಡವನ್ನು ಮಾತ್ರ.

ಇತಿ,
ನಿವೃತ್ತ ಅಧ್ಯಾಪಕ, ನೀರ್ಚಾಲು