ಮುರಿದ ಬೋಲ್ಟಿಗೆ ಅವಸರ ಸಲ್ಲ

ಮಾನ್ಯರೇ,

ವಾಹನ ಅಂಕಣಗಳು ‘ಬೋಲ್ಟ್ ಬದಲಿಸಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ತಲೆ ಮುರಿದು ತುಂಡು ಒಳಗೇ ಉಳಿದರೆ? ಎಕ್ಸ್‌ಟ್ರ್ಯಾಕ್ಟರ್ (ತುಂಡಿಗೆ ಕೊರೆದ ರಂಧ್ರದಲ್ಲಿ ಕಚ್ಚಿಸಿ ತಿರುಗಿಸಿ ತೆಗೆಯುವ ಉಪಕರಣ) ಹಾಕಿ ಬಲವಾಗಿ ತಿರುಗಿಸುವುದೇ ಮೊದಲ ತಪ್ಪು. ಗಡಸು ಉಕ್ಕಿನ ಅದೂ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯದು. ತುಂಡು ತುಸು ಹೊರಚಾಚಿದ್ದರೆ ನಟ್ ಇಟ್ಟು ವೆಲ್ಡ್ ಮಾಡುವುದೇ ಲೇಸು. ಆ ಕಾವಿಗೆ ತುಕ್ಕಿನ ಹಿಡಿತ ಸಡಿಲುತ್ತದೆ. (ಬ್ಯಾಟರಿ ಕೇಬಲ್ ಮೊದಲು ಬಿಚ್ಚಿ, ಪೆಟ್ರೋಲ್ ಪೈಪ್ ಹತ್ತಿರವಿದ್ದರೆ ಈ ದಾರಿಯೇ ಬೇಡ.) ವೆಲ್ಡ್ ಮಾಡಲಾಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಿರಿ. ಆಮೇಲೆ ಕೊರೆಯುವ ಜಾಗ ಗುರುತಿಸುವ ಮೊನಚು ಉಳಿ, ಅಂದರೆ ಸೆಂಟರ್ ಪಂಚ್, ತುಂಡಿನ ನಟ್ಟನಡುವೆ ಕೂರಬೇಕು. ಕೊಂಚ ತಪ್ಪಿದರೂ ಬಿಟ್ ಸುತ್ತಲಿನ ಮೆತ್ತಗಿನ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ. ಎಂ8 (8 ಮಿ.ಮೀ. ವ್ಯಾಸದ) ಬೋಲ್ಟಿಗೆ 3 ಮಿ.ಮೀ. ರಂಧ್ರದಿಂದ ಶುರು ಮಾಡಿ. ಎಡಕ್ಕೆ ತಿರುಗುವ ಬಿಟ್ ಬಳಸಿದರೆ ಎಷ್ಟೋ ಸಲ ಕೊರೆಯುವಾಗಲೇ ತುಂಡು ಹೊರಬರುತ್ತದೆ. ಹೊಸ ಬೋಲ್ಟಿನ ಉದ್ದ, ಪಿಚ್ (ತಿರುಪಿನ ಎಳೆಗಳ ನಡುವಿನ ಅಂತರ) ಮಾತ್ರವಲ್ಲ, ತಲೆಯ ಮೇಲಿನ, ಬಲ ಸೂಚಿಸುವ 8.8 ಅಥವಾ 10.9 ಅಂಕಿಯೂ ಹಳೆಯದರಂತೆಯೇ ಇರಲಿ.

– ಓದುಗ