ತೋಡಿನ ಬಸವನಹುಳು ಬೇರೆ, ತೋಟದ್ದು ಬೇರೆ

ಮಾನ್ಯರೇ,

ಮಳೆ ಹಿಡಿಯುತ್ತಿದ್ದಂತೆ ಶನಿವಾರಸಂತೆ ಸುತ್ತಿನ ತೋಟಗಳಲ್ಲಿ ಆಫ್ರಿಕನ್ ಬಸವನಹುಳುವಿನ ಕಾಟ ಶುರುವಾಗುತ್ತದೆ. ಹಗಲು ದರಗಿನಡಿ ಅಡಗಿದ್ದು ರಾತ್ರಿ ಹೊರಟರೆ ಕಾಫಿ ಚಿಗುರು, ಬಾಳೆ, ಪಪ್ಪಾಯಿ ಯಾವುದನ್ನೂ ಬಿಡುವುದಿಲ್ಲ. ಗೋಣಿಚೀಲದಲ್ಲಿ ಹೆಕ್ಕಿ ಉಪ್ಪುನೀರಿಗೆ ಸುರಿದವರಲ್ಲಿ ನಾನೂ ಒಬ್ಬ. 1847ರಲ್ಲಿ ಕಲ್ಕತ್ತೆಗೆ ಯಾರೋ ತಂದುಬಿಟ್ಟ ಪೀಡೆಗೆ ಕರುಣೆ ತೋರಿಸಿ ಎಂದು ನಾನು ಬರೆಯುತ್ತಿಲ್ಲ.

ಮೊನ್ನೆ ನಮ್ಮ ತೋಟದ ಹುಡುಗನೊಬ್ಬ ತೋಡಿನಿಂದ ಬೊಗಸೆ ತುಂಬ ಕಪ್ಪು ಹುಳು ತಂದು, "ಮರಿಗಳು ಸಿಕ್ಕಿದವು" ಎಂದ. ಮರಿಗಳಲ್ಲ ಅವು. ಪಶ್ಚಿಮ ಘಟ್ಟದ ತೊರೆಗಳಲ್ಲಿ ಕಲ್ಲು ಕಚ್ಚಿಕೊಂಡು ಪಾಚಿ ಕೆರೆದು ತಿನ್ನುವ ಪಾಲುಡೋಮಸ್ ಜಾತಿಯವು. ಮುಟ್ಟಿದರೆ ಒಳಸರಿದು ಬಾಯಿಗೆ ಗಟ್ಟಿ ಮುಚ್ಚಳ ಎಳೆದುಕೊಳ್ಳುತ್ತವೆ. ಆಫ್ರಿಕನ್ ಹುಳುವಿಗೆ ಆ ಮುಚ್ಚಳವೇ ಇಲ್ಲ; ಗುರುತಿಗೆ ಇಷ್ಟು ಸಾಕು. ಅದು ಗಾಳಿಯಲ್ಲಿ ಉಸಿರಾಡಿದರೆ, ಇದು ಮೀನಿನ ಹಾಗೆ ಕಿವಿರಿನಿಂದ. ಹರಿಯುವ ನೀರು ಬಿಟ್ಟು ಕಾಫಿ ಗಿಡ ಹತ್ತುವ ಪ್ರಾಣಿಯೇ ಅಲ್ಲ.

ಹುಡುಗನಿಗೆ ಬೈದೆ, ಆಮೇಲೆ ನಾಚಿಕೆಯಾಯಿತು. ಅವನು ತಂದದ್ದು ಒಂದು ಬೊಗಸೆ. ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ ನಾನು ವರ್ಷಗಟ್ಟಲೆ ತೊಳೆದದ್ದು ಅದೇ ತೋಡಿನಲ್ಲಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕೊಳೆರೋಗಕ್ಕೂ ಮೆಣಸಿನ ಸೊರಗು ರೋಗಕ್ಕೂ ನಮಗೆ ಅದೇ ಗತಿ. ಆದರೆ ಮೈಲುತುತ್ತದ ತಾಮ್ರ ನೀರಿನ ಬಸವನಹುಳುವಿಗೆ ಎಂಥ ವಿಷವೆಂದರೆ, ರೋಗ ಹರಡುವ ಬಸವನಹುಳುಗಳನ್ನು ಕೊಲ್ಲಲೆಂದೇ ಕೆಲವು ದೇಶಗಳಲ್ಲಿ ಅದನ್ನು ಕಾಲುವೆಗಳಿಗೆ ಹಾಕುತ್ತಿದ್ದರು. ಸಿಂಪಡಣೆ ಮುಗಿದ ಸಂಜೆ ನಮ್ಮ ತೋಡು ನೀಲಿಯಾಗಿ ಹರಿಯುತ್ತಿದ್ದುದನ್ನು ನೋಡಿಯೂ ನಮಗಾರಿಗೂ ಏನೂ ಅನಿಸಿರಲಿಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ಹೂವು ಅರಳಿಸಲೆಂದು ಅದೇ ತೋಡಿಗೆ ಮೋಟಾರ್ ಇಟ್ಟು ಗುಂಡಿಯ ತಳ ಕಾಣುವವರೆಗೆ ನೀರೆತ್ತುವುದು ಇನ್ನೊಂದು ಕಥೆ.

ಡ್ರಮ್ ತೊಳೆದ ನೀರನ್ನು ತೋಡಿಗೆ ಚೆಲ್ಲಲೇಬೇಕೆಂದಿಲ್ಲ. ಮರುದಿನದ ಮಿಶ್ರಣಕ್ಕೆ ಬಳಸಬಹುದು. ಈ ವರ್ಷ ನಾವು ಹಾಗೇ ಮಾಡಿದೆವು, ಒಂದು ಹನಿಯೂ ದಂಡವಾಗಲಿಲ್ಲ. ಆಫ್ರಿಕನ್ ಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯೂ ಮಳೆನೀರಿನಲ್ಲಿ ಕರಗಿ ತೋಡು ಸೇರುತ್ತದೆ, ಅದನ್ನು ತಿಂದ ನಾಯಿ ಸಾಯುತ್ತದೆ. ಬಸವನಹುಳು ನಿಯಂತ್ರಣಕ್ಕೆ ಸಲಹೆ ಕೊಡುವ ಕಾಫಿ ಮಂಡಳಿ ಮತ್ತು ತೋಟಗಾರಿಕೆ ಇಲಾಖೆ, ತೋಡಿನಿಂದ ಎಷ್ಟು ದೂರ ಬಿಟ್ಟು ಗುಳಿಗೆ ಇಡಬೇಕೆಂಬುದನ್ನೂ ಎರಡು ಜಾತಿಯ ಚಿತ್ರಗಳನ್ನೂ ಅಕ್ಕಪಕ್ಕ ಅಚ್ಚು ಹಾಕಿಸಿ, ಮುಂದಿನ ಮುಂಗಾರಿಗೆ ಮೊದಲು ಕಾರ್ಮಿಕರ ಲೈನ್‌ಮನೆಗಳ ಗೋಡೆಗೂ ಅಂಟಿಸಲಿ.

– ಒಬ್ಬ ಸಣ್ಣ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು, ಕೊಡಗು